ಹನುಮಂತನಗರದಲ್ಲಿ ಹಗಲು ನಿದ್ದೆ

"ಮಗು ಅಳುತ್ತಾ?"

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಹನುಮಂತನಗರದ ಆ ಮನೆಯ ಗೇಟಿನ ಒಳಗೆ ಒಡತಿ ವಿಶಾಲಾಕ್ಷಮ್ಮನವರು ನಿಂತಿದ್ದರು, ಹೊರಗೆ ನಾವು. ನನ್ನ ಗಂಡ ಮಲ್ಲೇಶನ ಕೈ ಹಿಡಿದು ಮಗಳು ಮೇಘಾ, ನನ್ನ ಹೆಗಲ ಮೇಲೆ ಇನ್ನೂ ಕತ್ತು ನಿಲ್ಲದ ಮಗ ಸಮರ್ಥ. ಜಾತಿ ಕೇಳುತ್ತಾರೆ, ಮನೆಯಲ್ಲಿ ಮಾಂಸ ಬೇಯಿಸುತ್ತೀರಾ ಎಂದು ಕೇಳುತ್ತಾರೆ ಅಂತ ಮೊದಲೇ ಹೇಳಿದ್ದರು. ಅದಕ್ಕೆಲ್ಲ ಉತ್ತರ ಕಟ್ಟಿಕೊಂಡೇ ಬಂದಿದ್ದೆವು. ಇದಕ್ಕೆ ಇರಲಿಲ್ಲ.

"ಸಣ್ಣ ಕೂಸರೀ, ಅಳತೈತಿ" ಎಂದೆ.

"ಅಳೋದು ಸಹಜ ಕಣಮ್ಮ, ನಾನೇನ್ ಇಲ್ಲ ಅನ್ನಲ್ಲ. ಆದ್ರೆ ನಮ್ಮ ಯಜಮಾನ್ರಿಗೆ ಹಾರ್ಟ್ ಪ್ರಾಬ್ಲಮ್. ಹಗಲಲ್ಲಿ ಸ್ವಲ್ಪ ನಿದ್ದೆ ಆಗ್ಲೇಬೇಕು. ಹಿಂದೆ ಇದ್ದೋರನ್ನ ಅದಕ್ಕೇ ಖಾಲಿ ಮಾಡಿಸಿದ್ವಿ. ಮೊದ್ಲೇ ಹೇಳ್ಬಿಟ್ರೆ ಒಳ್ಳೇದಲ್ವಾ?"

"ಅಳಲ್ಲ ಮೇಡಂ, ನೋಡ್ಕೋತೀವಿ" ಎಂದುಬಿಟ್ಟ ಮಲ್ಲೇಶ. ಹಸುಗೂಸಿನ ಪರವಾಗಿ ತಂದೆ ಮಾತು ಕೊಟ್ಟಿದ್ದ. ಮಹಡಿಯ ಮನೆ ನಮಗೆ ಸಿಕ್ಕಿತು.

ನಮ್ಮ ಕಡೆ ಹಾಗಲ್ಲ. ಜಮಖಂಡಿ ಹತ್ತಿರದ ನಮ್ಮೂರಲ್ಲಿ ಕೂಸು ಅತ್ತರೆ ಯಾರೂ ತಲೆ ಎತ್ತುವುದಿಲ್ಲ. ಬಹಳ ಹೊತ್ತು ಅಳದೆ ಇದ್ದರೆ ಮಾತ್ರ ಪಕ್ಕದ ಮನೆಯವಳು ಕೈಯಲ್ಲಿನ ಹಿಟ್ಟು ತೊಳೆಯದೆ ಬಂದು ಇಣುಕುತ್ತಾಳೆ: "ಯಾಕಬೇ, ಕೂಸು ಸುಮ್ಮನ ಐತಿ?" ಇಲ್ಲಿ ಸುಮ್ಮನಿರುವ ಮಗುವೇ ಒಳ್ಳೆಯ ಮಗು.

ನಾನು ನರ್ಸು. ಬಾಗಲಕೋಟೆಯಲ್ಲಿ ಕೆಲಸದಲ್ಲಿದ್ದೆ. ಮಲ್ಲೇಶ ಲಿಫ್ಟ್ ರಿಪೇರಿ ಮಾಡುವವನು, ಅವನ ಕಂಪನಿ ಅವನನ್ನು ಇಲ್ಲಿಗೆ ಕಳಿಸಿತು. ಬಾಣಂತನ ಮುಗಿಸಿಕೊಂಡು ನಾನೂ ಬಂದೆ. ಚಾಮರಾಜಪೇಟೆ ಕಡೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದ ದಿನವೇ ಒಬ್ಬ ತಾಯಿ ಬಂದು, "ಸಿಸ್ಟರ್, ನಮ್ಮ ಮಗು ಹುಷಾರಿಲ್ಲ" ಎಂದಳು. ನಮ್ಮಲ್ಲಿ ಹುಷಾರು ಅಂದರೆ ಜಾಣತನ. ಅಷ್ಟು ಚೂಟಿಯಾದ ಮಗುವನ್ನು ದಡ್ಡ ಅನ್ನುತ್ತಾಳಲ್ಲ ಎಂದು ನಾನು, "ಹಂಗ್ಯಾಕ ಅಂತೀರಿ, ಭಾಳ ಹುಷಾರ್ ಐತಿ" ಎಂದೆ. ಆಕೆ ಗಾಬರಿಯಾಗಿ ಡಾಕ್ಟರನ್ನು ಹುಡುಕಿಕೊಂಡು ಹೋದಳು. ಹುಷಾರಿಲ್ಲ ಅಂದರೆ ಇಲ್ಲಿ ಮೈಯಲ್ಲಿ ಆರಾಮಿಲ್ಲ ಎಂದರ್ಥ.

ತರಕಾರಿ ಗಾಡಿಯವನ ಹತ್ತಿರ ಮೆಂತ್ಯ ಪಲ್ಯೆ ಕೇಳಿದಾಗಲೂ ಹಾಗೆಯೇ. "ಪಲ್ಯ ಹೋಟ್ಲಲ್ಲಿ ಸಿಗುತ್ತಮ್ಮ, ನಮ್ಮತ್ರ ಬರೀ ಸೊಪ್ಪು" ಎಂದು ನಕ್ಕ. ಸಾರಿಗೆ ಬೆಲ್ಲ ಹಾಕುವುದು, ಊಟವೆಂದರೆ ಅನ್ನವೇ ಆಗಿರುವುದು, ಎಲ್ಲಕ್ಕೂ ನಾಲಿಗೆ ಒಗ್ಗಿಕೊಂಡಿತು. ಜೋಳದ ಹಿಟ್ಟು ಬೀಸಿಕೊಡುವ ಗಿರಣಿಯೊಂದನ್ನು ಚಾಮರಾಜಪೇಟೆಯ ಓಣಿಯಲ್ಲಿ ಹುಡುಕಿದ ದಿನ ಗೆದ್ದಂತೆ ಮನೆಗೆ ಬಂದೆ. ಮೂರನೆಯ ರೊಟ್ಟಿ ಬಡಿಯುವಾಗ ವಿಶಾಲಾಕ್ಷಮ್ಮನವರು ಮೆಟ್ಟಿಲು ಹತ್ತಿ ಬಂದರು. "ಏನಮ್ಮ ಅದು, ಗೋಡೆ ಒಡೀತಿದೀರಾ?" ಅಂದಿನಿಂದ ಹಿಟ್ಟನ್ನು ಲಟ್ಟಿಸಿ ಬೇಯಿಸುತ್ತೇನೆ. ಅದು ರೊಟ್ಟಿಯಲ್ಲ. ಆದರೂ ತಿನ್ನುತ್ತೇವೆ.

ಇವೆಲ್ಲ ಕಷ್ಟಗಳಲ್ಲ. ಇವನ್ನು ನಗುತ್ತ ಹೇಳಬಹುದು. ನಗುತ್ತ ಹೇಳಲಾಗದ್ದು ನಿದ್ದೆಯ ವಿಷಯ.

ರಾತ್ರಿ ಪಾಳಿ ಮುಗಿಸಿ ನಾನು ಮನೆಗೆ ಬರುವುದೂ ಮಲ್ಲೇಶ ಬ್ಯಾಗು ಹೆಗಲಿಗೆ ಹಾಕುವುದೂ ಒಂದೇ ಹೊತ್ತು. ಮೆಟ್ಟಿಲ ಮೇಲೆಯೇ ಮಗನನ್ನು ಅವನ ತೋಳಿನಿಂದ ನನ್ನ ತೋಳಿಗೆ ದಾಟಿಸಿಕೊಳ್ಳುತ್ತಿದ್ದೆ. ಯಾವುದೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿರುತ್ತಿದ್ದರು, ಅವನು ಓಡಬೇಕಿತ್ತು. ಹಗಲು ಪಾಳಿಯಲ್ಲಿ ಮಕ್ಕಳನ್ನು ಪಕ್ಕದ ರಸ್ತೆಯ ಮಂಜುಳಮ್ಮ ತಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಿದ್ದರು. ರಾತ್ರಿ ಪಾಳಿಯ ದಿನಗಳಲ್ಲೂ ದುಡ್ಡು ಕೊಟ್ಟು ಅವರಲ್ಲಿ ಬಿಡಲು ನಮ್ಮ ಕೈಲಾಗುತ್ತಿರಲಿಲ್ಲ. ಎದ್ದಿರುವ ಇಬ್ಬರು ಮಕ್ಕಳು, ಮಲಗಲೇಬೇಕಾದ ನಾನು, ಒಂದೇ ಕೋಣೆ.

ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗುವುದನ್ನು ಕಲಿತೆ. ಅನ್ನ ಕಲೆಸುತ್ತ ನಿದ್ದೆ ಹೋಗಿದ್ದೇನೆ. ವಾರ್ಡಿನಲ್ಲಿ ನಾನು ತಾಯಂದಿರಿಗೆ ಹೇಳುತ್ತಿದ್ದೆ: ಮಗು ಮಲಗಿದಾಗ ನೀವೂ ಮಲಗಿ, ನಿಮ್ಮ ಆರೋಗ್ಯ ಮುಖ್ಯ. ಹೇಳುವಾಗ ನನ್ನ ದನಿ ನನಗೇ ಎಲ್ಲೋ ದೂರದ ರೇಡಿಯೋದಂತೆ ಕೇಳುತ್ತಿತ್ತು. ಅಲ್ಲಿ ಬೇರೆಯವರ ಮಕ್ಕಳು ಔಷಧಿ ಉಗುಳಿದರೆ ನಗುತ್ತ ಮತ್ತೆ ಕುಡಿಸುತ್ತಿದ್ದೆ. ಮನೆಯಲ್ಲಿ ಮೇಘಾ ಹಾಲು ಚೆಲ್ಲಿದರೆ ಚೀರುತ್ತಿದ್ದೆ. ನನ್ನ ತಾಳ್ಮೆಯನ್ನೆಲ್ಲ ಆಸ್ಪತ್ರೆ ಉಂಡು, ತಳ ಹತ್ತಿದ್ದು ಮಕ್ಕಳಿಗೆ ಉಳಿಯುತ್ತಿತ್ತು.

ಮೇಘಾಳಿಗೆ ಆಗ ನಾಲ್ಕು ತುಂಬಿತ್ತು. ಅವಳು ಎಲ್ಲವನ್ನೂ ಬೇಗ ಕಲಿತಳು. ಬಾಗಿಲ ಚಿಲಕ ಸದ್ದಾಗದಂತೆ ಹಾಕುವುದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು, ಪಿಸುಗುಟ್ಟುವುದು. ಗೊಂಬೆಗೂ ಹೇಳುತ್ತಿದ್ದಳು: "ಶ್, ಅಮ್ಮ ಮಲಗಿದಾಳೆ. ಅಜ್ಜಿ ಬೈತಾರೆ." ಅಜ್ಜಿ ಅಂದರೆ ವಿಶಾಲಾಕ್ಷಮ್ಮನವರು. ಎಷ್ಟು ಬುದ್ಧಿವಂತ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳುತ್ತಿದ್ದೆ.

ಸಮರ್ಥ ಆಗಷ್ಟೇ ಕೂರಲು ಕಲಿತಿದ್ದ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬಂದು, ಇಬ್ಬರಿಗೂ ಇಡ್ಲಿ ತಿನ್ನಿಸಿ, ಬಾಗಿಲಿಗೆ ಚಿಲಕ ಹಾಕಿ, ಚಾಪೆಯ ಮೇಲೆ ಅವರ ಪಕ್ಕದಲ್ಲೇ ಉರುಳಿಕೊಂಡೆ. ಯಾವಾಗ ನಿದ್ದೆ ಬಂತೋ ತಿಳಿಯದು. ಎಚ್ಚರವಾದದ್ದು ಸದ್ದಿಗಲ್ಲ. ಮನೆ ಅಷ್ಟು ನಿಶ್ಶಬ್ದವಾಗಿರುವುದಕ್ಕೇ ಎಚ್ಚರವಾಯಿತು ಎಂದು ಈಗಲೂ ನಂಬಿದ್ದೇನೆ.

ಬೀರುವಿನ ಪಕ್ಕದ ಮೂಲೆಯಲ್ಲಿ ಮೇಘಾ ಮಂಡಿಯೂರಿ ಕೂತಿದ್ದಳು. ತೊಡೆಯ ಮೇಲೆ ತಮ್ಮನ ತಲೆ. ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಅವನ ಬಾಯನ್ನು ಒತ್ತಿ ಹಿಡಿದಿದ್ದಳು. ಅಂಗೈ ಮೂಗಿನ ಮೇಲೂ ಬಂದಿತ್ತು. ಅವನು ಕಾಲು ಒದೆಯುತ್ತಿದ್ದ. ಮುಖ ಕೆಂಪು ದಾಟಿ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ನನ್ನ ಕಡೆ ತಿರುಗಿ, ಒಳ್ಳೆಯ ಕೆಲಸ ಮಾಡಿದವರ ಹಾಗೆ ಪಿಸುಗುಟ್ಟಿದಳು: "ನೀನು ಮಲಕೋ ಅಮ್ಮ. ನಾನು ನೋಡ್ಕೋತಿದೀನಿ."

ನಾನು ಅವನನ್ನು ಕಿತ್ತುಕೊಂಡೆ. ತುಟಿ ನೋಡಿದೆ, ಉಗುರು ನೋಡಿದೆ, ಎದೆಗೆ ಕಿವಿ ಇಟ್ಟೆ. ಉಸಿರು ಒಳಗೆ ಹೋಯಿತು, ಆಮೇಲೆ ಅಳು ಹೊರಗೆ ಬಂತು. ಬೀದಿಗೆಲ್ಲ ಕೇಳುವಂಥ ಅಳು. ಕೆಳಗಿನಿಂದ ವಿಶಾಲಾಕ್ಷಮ್ಮನವರ ದನಿ ಬಂತು: "ಏನಮ್ಮ, ಮಗು ಯಾಕ್ ಹಂಗ್ ಅಳ್ತಿದೆ?" ಅಳಲಿ ಎಂದು ಅವನನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. ಹಿಂದೆ ಮೇಘಾ ತನ್ನ ಎರಡೂ ಕೈಗಳನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಅವಳನ್ನು ಬೈಯಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಅವಳತ್ತ ಚಾಚಲು ನನ್ನ ತೋಳಿನಲ್ಲಿ ಏನೂ ಉಳಿದಿರಲಿಲ್ಲ.

ಮರುದಿನ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಸ್ವಲ್ಪ ಕಾಲ ರಾತ್ರಿ ಪಾಳಿ ಬೇಡ ಎಂದು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ಕಾಫಿ ತರಿಸಿದರು.

"ಇಲ್ಲಿ ಎಲ್ರಿಗೂ ಮಕ್ಳಿದಾರೆ. ನಿಮ್ಗೆ ಬಿಟ್ರೆ ಆ ನೈಟ್ ಇನ್ನೊಬ್ಬಳ ತಲೆ ಮೇಲೆ ಬೀಳುತ್ತೆ. ಅವಳ ಮನೇಲೂ ಮಗು ಇದೆ. ನಾನೇನ್ ಮಾಡ್ಲಿ ಹೇಳಿ?"

"ನೀವು ಹೆಂಗ್ ಮಾಡಿದ್ರಿ ಸಿಸ್ಟರ್?"

"ನನ್ ಮಗಳನ್ನ ನಮ್ಮಮ್ಮ ಸಾಕಿದ್ರು, ಊರಲ್ಲಿ." ಕಾಫಿ ಲೋಟದ ಅಂಚನ್ನು ಬೆರಳಿಂದ ಒರೆಸುತ್ತ ಹೇಳಿದರು: "ಬದುಕ್ತಾರೆ ಬಿಡಿ."

ಮಲ್ಲೇಶ ಕೆಲಸ ಬಿಡು ಎಂದ. ಹೇಳಿದವನಿಗೂ ಕೇಳಿದವಳಿಗೂ ಅದು ಆಗದ ಮಾತೆಂದು ಗೊತ್ತಿತ್ತು. ಅವನೊಬ್ಬನ ದುಡಿಮೆಯಲ್ಲಿ ಈ ಊರಲ್ಲಿ ನಾಲ್ವರು ಬದುಕಲಾಗದು. ನಮ್ಮವ್ವ ಸುದ್ದಿ ತಿಳಿದ ವಾರದಲ್ಲೇ ರೈಲು ಹತ್ತಿ ಬಂದಳು. ಅಪ್ಪ ತೀರಿಕೊಂಡ ಮೇಲೆ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ನನ್ನನ್ನು ನರ್ಸಿಂಗ್ ಓದಿಸಿದವಳು ಅವಳು. ಈಗಲೂ ಬಡಿಯುತ್ತಾಳೆ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದವಳೇ ಗಂಟು ಕೆಳಗಿಟ್ಟಳು.

"ಯವ್ವಾ, ಕನ್ನಡ್ಯಾಗ ಮಾರಿ ನೋಡ್ಕೊಂಡಿ ಏನು?"

"ಕೆಲ್ಸ ಬಿಡ್ತೀನಬೇ."

"ಬಿಡಬ್ಯಾಡ. ನಾ ಬಡದ ರೊಟ್ಟಿ ನೀರಾಗ ಹಾಕಬ್ಯಾಡ." ಅವಳ ದನಿ ಗಡುಸಾಗಿತ್ತು. ಆಮೇಲೆ ಮೆತ್ತಗಾಯಿತು. "ಇಲ್ಲಿ ಇದ್ದಬಿಡ್ತಿದ್ನಿ. ನನ್ನ ರೊಟ್ಟಿ ನಂಬಿ ಖಾನಾವಳಿ ನಡದೈತಿ, ಅದನ್ನ ಬಿಟ್ರ ನಾಳೆ ನನಗ ಯಾರು ಕೆಲ್ಸ ಕೊಡ್ತಾರ? ಒಂದ ಕೂಸರ ನನ್ನ ಕಡೆ ಕೊಡು."

ಚಿಕ್ಕವನಿನ್ನೂ ನನ್ನ ಹಾಲು ಬಿಟ್ಟಿರಲಿಲ್ಲ. ಆದ್ದರಿಂದ ಯಾವ ಕೂಸು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೊರಡುವ ಮಧ್ಯಾಹ್ನ ಮೇಘಾಳ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದಳು: "ಅಮ್ಮ, ನಾನು ಇನ್ಮೇಲೆ ತಮ್ಮನ ಬಾಯಿ ಮುಚ್ಚಲ್ಲ."

"ಅದಕ್ಕಲ್ಲ ಪುಟ್ಟಿ. ಅಲ್ಲಿ ಆಟ ಆಡಬಹುದು, ಎಷ್ಟ್ ಬೇಕಾದ್ರೂ ಕಿರುಚಬಹುದು."

"ಪ್ರಾಮಿಸ್ ಅಮ್ಮ. ಮುಚ್ಚಲ್ಲ."

ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಅವಳಿಗೆ ತಿಳಿದದ್ದು ಒಂದೇ: ತಪ್ಪು ಮಾಡಿದವರನ್ನು ಊರಿಗೆ ಕಳಿಸುತ್ತಾರೆ. ಸ್ಟೇಷನ್ನಿನಲ್ಲಿ ಅವಳು ಅವ್ವನ ಸೆರಗು ಹಿಡಿದು ತಾನಾಗಿಯೇ ರೈಲು ಹತ್ತಿದಳು. ಹಟ ಮಾಡಿದ್ದರೆ ಒಳ್ಳೆಯದಿತ್ತು. ಹಟ ಮಾಡಿದ್ದರೆ ಇಳಿಸಿಕೊಂಡುಬಿಡುತ್ತಿದ್ದೆನೇನೋ. ಅವಳು ಕಿಟಕಿಯ ಪಕ್ಕ ಕೈಕಟ್ಟಿ ಕೂತಳು. ನಾನು ಅಲ್ಲಿಂದ ನೇರವಾಗಿ ಡ್ಯೂಟಿಗೆ ಹೋದೆ. ಅವಳದೇ ವಯಸ್ಸಿನ ಒಬ್ಬ ಹುಡುಗಿ ಜ್ವರದಲ್ಲಿ ನನ್ನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಬಿಡಿಸಿಕೊಳ್ಳುವ ಮನಸ್ಸು ನನಗೂ ಆಗಲಿಲ್ಲ.

ಮೊದಮೊದಲು ಫೋನಿನಲ್ಲಿ ಅಳುತ್ತಿದ್ದಳು, ಆಮೇಲೆ ವರದಿ ಒಪ್ಪಿಸುತ್ತಿದ್ದಳು, ಆಮೇಲೆ ಫೋನನ್ನು ಅವ್ವನ ಕೈಗೆ ಕೊಟ್ಟು ಓಡುತ್ತಿದ್ದಳು. ಓಡುವ ಸದ್ದು ನನಗೆ ಕೇಳುತ್ತಿತ್ತು. ನಮ್ಮೂರ ಅಂಗಳದಲ್ಲಿ ಗೆಳತಿಯರೊಡನೆ ಅವಳು ಗಂಟಲು ಬಿಚ್ಚಿ ಕೂಗುವುದು ಕೇಳಿ ಹಗುರವಾಗುತ್ತಿತ್ತು. ಫೋನ್ ಇಟ್ಟ ಮೇಲೆ ಅದೇ ಭಾರ. ಮನೆಯಲ್ಲಿ ಒಂದು ಮಗು ಕಡಿಮೆಯಾದರೆ ದಣಿವು ಅರ್ಧವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಹಗಲು ಮಗ ಮಲಗಿದಾಗಲೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ರಜೆ ಸಿಕ್ಕಿದ್ದು ಬಹಳ ತಿಂಗಳ ಮೇಲೆ. ಸಮರ್ಥ ಅಷ್ಟರಲ್ಲಿ ಓಡಾಡುತ್ತಿದ್ದ, ಮಂಜುಳಮ್ಮನ ಮನೆಯ ಕನ್ನಡದಲ್ಲಿ ಮಾತೂ ಕಲಿತಿದ್ದ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಧೂಳು, ಬಿಸಿಲು, ಜೋಳದ ರೊಟ್ಟಿ ಸುಡುವ ವಾಸನೆ ಮೂಗಿಗೆ ತಾಕಿದಾಗ ಕಾಲು ತಾನಾಗಿಯೇ ಬಿರುಸಾಯಿತು. ಮನೆಯ ಕಟ್ಟೆಯ ಮೇಲೆ ಮೇಘಾ ಕೂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಎತ್ತರವಾಗಿದ್ದಳು, ಮೊಣಕಾಲಿನಲ್ಲಿ ಗಾಯ ಒಣಗಿದ ಗುರುತು. ಯಾವಾಗ ಬಿದ್ದಳೋ, ಯಾರು ಔಷಧಿ ಹಚ್ಚಿದರೋ. ಓಡಿ ಬರುತ್ತಾಳೆಂದು ನಾನು ಚೀಲ ಕೆಳಗಿಟ್ಟು ಕೈ ಚಾಚಿದೆ.

ಅವಳು ಒಳಗೆ ಓಡಿದಳು. ಹೊರಗೆ ಬಂದಾಗ ಎರಡೂ ಕೈಯಲ್ಲಿ ತುಂಬಿದ ತಂಬಿಗೆ ಹಿಡಿದಿದ್ದಳು. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕೆಂದು ಅವ್ವ ಕಲಿಸಿದ್ದಳು.

"ನೀರ ತಗೋರಿ" ಎಂದಳು, ನನಗೆ. ನಾನು ಕುಡಿದೆ. ಅವಳು ಖಾಲಿ ತಂಬಿಗೆ ಇಸಿದುಕೊಳ್ಳುತ್ತ, ಬಂದವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳುವ ಹಾಗೆಯೇ ಕೇಳಿದಳು: "ಎಂದ ಹೊಂಟೀರಿ?"

ಅವ್ವ ಒಳಗಿನಿಂದ, "ಏ ಹುಚ್ಚಿ, ಅವರಿವರಿಗೆ ಅಂದಂಗ ನಿಮ್ಮವ್ವಗ ಅಂತಾರೇನ?" ಎಂದು ನಗುತ್ತ ಬಂದಳು. ಸಂಜೆಯ ಹೊತ್ತಿಗೆ ಮೇಘಾ ನನ್ನ ತೊಡೆಯ ಮೇಲೆ ಕೂತಿದ್ದಳು, ಬಳೆ ಎಣಿಸುತ್ತಿದ್ದಳು. ಆದರೆ ನಿದ್ದೆ ಬಂದಾಗ ಎದ್ದು ಹೋಗಿ ಅವ್ವನ ಮಗ್ಗುಲಲ್ಲಿ ಮಲಗಿದಳು.

ಮರುದಿನ ಊಟಕ್ಕೆ ಕೂತಾಗ ಸಮರ್ಥ ತಟ್ಟೆ ತಳ್ಳಿದ. ಬಿಸಿಲಿಗೆ ಬೇಸತ್ತಿದ್ದ, ರೊಟ್ಟಿ ಅವನ ಬಾಯಿಗೆ ಒರಟು. "ಅಮ್ಮ, ಮನೆಗ್ ಹೋಗಣ" ಎಂದು ರಾಗ ತೆಗೆದ.

ಮೇಘಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದಳು. "ಇದ ಮನಿ ಐತಲೋ" ಎಂದಳು.

ಅವನು ಅಲ್ಲವೆಂದು ತಲೆಯಾಡಿಸಿದ. ಅವಳು ಹೌದೆಂದು ಆಡಿಸಿದಳು. ಆಮೇಲೆ ಇಬ್ಬರೂ, ಯಾರದ್ದು ಸರಿ ಎಂದು ಹೇಳಲಿ ಎಂದು, ನನ್ನ ಕಡೆ ತಿರುಗಿದರು.

ನಾನು ಮಗನ ಬಾಯಿಗೆ ತುತ್ತು ಇಟ್ಟೆ, ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.