ಮನೆಗೆ ಬಂದ ಸವಾರಿ

ನಮ್ಮ ಕುಶನ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಸವಾರಿ ಎಂದೇ ಕರೆಯುತ್ತಿದ್ದರು. ಕಾರು, ಬಸ್ಸು, ವ್ಯಾನುಗಳ ಸೀಟಿಗೆ ಹೊಸ ಹೊದಿಕೆ ಹೊಲಿಯುವ ಅಂಗಡಿ ಅದು. ನಾನು ಉದ್ದನೆಯ ಮೇಜಿನ ಮೇಲೆ ರೆಕ್ಸಿನ್ ಹಾಸಿ ಕತ್ತರಿಸಿಕೊಡುತ್ತಿದ್ದೆ, ಅವಳು ಎದುರಿನ ಮೆಷಿನ್ನಿನಲ್ಲಿ ಕೂತು ಹೊಲಿಯುತ್ತಿದ್ದಳು. ಕೆಲವು ತಿಂಗಳು ತಲೆ ಎತ್ತದೆ ದುಡಿಯುವುದು, ಆಮೇಲೊಂದು ಬೆಳಿಗ್ಗೆ ತನ್ನ ಹಳೇ ವ್ಯಾನು ಹತ್ತಿ ಮಾಯವಾಗುವುದು, ಇದು ಅವಳ ಕ್ರಮ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಯಜಮಾನರು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಸೀಟಿನ ಬಾಗಿದ ಮೂಲೆಯಲ್ಲಿ ಸುಕ್ಕು ಬೀಳದಂತೆ ಹೊಲಿಯುವ ಕೈ ಅವಳದು. ಅವಳು ತಿರುಗಿ ಬಂದಾಗ "ಏನಮ್ಮಾ, ಸವಾರಿ ದಯಮಾಡಿಸ್ತೋ?" ಎಂದು ನಕ್ಕು, ಅವಳ ಮೆಷಿನ್ನಿನ ಮೇಲೆ ಪೇರಿಸಿದ್ದ ಸ್ಪಂಜಿನ ತುಂಡುಗಳನ್ನು ತೆಗೆಸುತ್ತಿದ್ದರು. ಹೆಸರು ಹುಟ್ಟಿದ್ದು ಹಾಗೆ.

"ಅಷ್ಟು ದೂರ ಹೋಗಿ ಏನು ನೋಡ್ಕೊಂಡು ಬರ್ತೀಯೇ?" ಎಂದು ನಾನೊಮ್ಮೆ ಕೇಳಿದ್ದೆ.

"ಏನೂ ಇಲ್ಲ ಅಕ್ಕ. ಮುಂದಿನ ತಿರುವಲ್ಲಿ ಏನಿದೆ ಅಂತ ನೋಡ್ಬೇಕು ಅನ್ಸುತ್ತೆ. ಅದನ್ನ ನೋಡಿದ ಮೇಲೆ ಅಲ್ಲಿಂದ ಇನ್ನೊಂದು ತಿರುವು ಕಾಣುತ್ತಲ್ಲ."

ಅವಳ ಗಂಡ ಇದಕ್ಕೆ ತದ್ವಿರುದ್ಧ. ಅವರು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. "ಊರಲ್ಲಿ ಅರ್ಧ ಜನ ನಗ್ತಿರೋದು ನಮ್ಮನೆಯವರ ದಯದಿಂದ" ಎಂದು ಅವಳು ತಮಾಷೆ ಮಾಡುತ್ತಿದ್ದಳು. ಆ ಮನುಷ್ಯನಿಗೆ ಗಾಡಿಯ ಪ್ರಯಾಣ ಆಗಿಬರುತ್ತಿರಲಿಲ್ಲ. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಮದುವೆಗೆ ಮುಂಚೆಯೇ ಅವಳು, "ನನಗೆ ಒಂದು ಕಡೆ ಕೂರೋಕೆ ಆಗಲ್ಲ, ಆಮೇಲೆ ಹೇಳಲಿಲ್ಲ ಅನ್ಬೇಡಿ" ಎಂದಿದ್ದಳಂತೆ. ಅವರು, "ಹೋಗು, ಬಾ. ಬರ್ತೀಯಲ್ಲ, ಅಷ್ಟು ಸಾಕು" ಎಂದರಂತೆ.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಜೊತೆಗೆ ಅತ್ತೆ. ಊರಲ್ಲಿದ್ದಷ್ಟು ದಿನವೂ ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಕೆಲಸ ಮುಗಿಸಿ ಹೋದವಳು ಮಂಚವನ್ನು ಕಿಟಕಿಯಿಂದ ಗೋಡೆಯ ಕಡೆಗೆ ಎಳೆಯುವಳು, ವಾರ ಕಳೆದರೆ ಗೋಡೆಯಿಂದ ಬಾಗಿಲ ಕಡೆಗೆ. "ಏನೇ ಇದು, ಬೆಳಿಗ್ಗೆ ಎದ್ರೆ ಯಾರ ಮನೇಲಿದ್ದೀನಿ ಅಂತ ನಾನು ಯೋಚ್ನೆ ಮಾಡ್ಬೇಕು" ಎಂದು ಅತ್ತೆ ಗೊಣಗುವರು. ಸಂಜೆ ಗಂಡ ಬಂದು ಮಂಚದ ದಿಕ್ಕನ್ನೊಮ್ಮೆ ನೋಡಿ, "ಭಾನುವಾರ ಎಲ್ಲಿಗಾದ್ರೂ ಹೋಗೋಣ್ವಾ?" ಎನ್ನುವರು.

ಹಾಗೆ ಎಷ್ಟೋ ಭಾನುವಾರ ಅವರು ಜೇಬಿನ ತುಂಬ ಪ್ಲಾಸ್ಟಿಕ್ ಕವರ್ ತುಂಬಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ತಿರುವು ಹೆಚ್ಚಾದ ಕಡೆ ಅವಳು ಗಾಡಿ ನಿಲ್ಲಿಸಿ, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯಿಂದ ಅವರ ಬೆನ್ನು ಸವರುತ್ತಿದ್ದಳು.

"ಯಾಕ್ರೀ ಈ ಕರ್ಮ? ಮನೇಲಿ ಹಾಯಾಗಿರಬಾರದಾ?"

"ಗಾಡಿ ಓಡಿಸೋವಾಗ ನೀನು ಹಾಡು ಗುನುಗ್ತೀಯ. ಮನೇಲಿ ಗುನುಗಲ್ಲ. ಅದನ್ನ ಕೇಳ್ಬೇಕಂದ್ರೆ ಇಷ್ಟು ಸುಂಕ ಕಟ್ಟಲೇಬೇಕು."

ಇದನ್ನು ನನಗೆ ಹೇಳುವಾಗ ಅವಳು ನಕ್ಕಿದ್ದಳು. ನಾನೂ ನಕ್ಕಿದ್ದೆ.

ವರ್ಷಗಳು ಹೋದಂತೆ ಅವಳ ದಾರಿ ಉದ್ದವಾಗುತ್ತ ಹೋಯಿತು. ಒಂದು ಸಲ ಹೋದವಳು ಬರುವುದು ತೀರಾ ತಡವಾಯಿತು. ಕೊನೆಗೊಂದು ಮಧ್ಯಾಹ್ನ ಬಂದು ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆಗೆದ ಗಂಡ, "ಬನ್ನಿ ಬನ್ನಿ" ಅಂದುಬಿಟ್ಟರು. ಇಷ್ಟು ವರ್ಷ "ಬಂದ್ಯಾ?" ಎನ್ನುತ್ತಿದ್ದವರು. ಬಾಯಿತಪ್ಪಿ ಬಂದ ಮಾತು ಎಂದು ಅವಳು ನಕ್ಕಳು. ಆದರೆ ಟೀ ಬಂದದ್ದು ನೆಂಟರಿಗೆಂದು ಎತ್ತಿಟ್ಟ ಹೂವಿನ ಕಪ್ಪಿನಲ್ಲಿ. ಮೇಲೆ, "ಸಕ್ಕರೆ ಹಾಕ್ಲಾ?" ಎಂದು ಬೇರೆ ಕೇಳಿದರು. ಅವಳು ಸಕ್ಕರೆ ಹಾಕಿಕೊಂಡು ಕುಡಿದವಳೇ ಅಲ್ಲ.

ಅತ್ತೆ ಮಲಗಿದ ಮೇಲೆ ಅವಳು ಕೇಳಿಯೇಬಿಟ್ಟಳು. "ಏನಾಗಿದೆ ರೀ ನಿಮಗೆ?"

ಅವರು ಕಪ್ಪಿನ ಕಿವಿಯನ್ನು ಉಜ್ಜುತ್ತ ಹೇಳಿದರಂತೆ. "ಬೇಜಾರು ಮಾಡ್ಕೋಬೇಡ. ಮೊದಲೆಲ್ಲ ನೀನು ಹೋದ್ರೆ ನನಗೆ ಊಟ ಸೇರ್ತಿರ್ಲಿಲ್ಲ. ಈಗ ನೀನು ಬಂದ್ರೆ ಸೇರಲ್ಲ. ಮತ್ತೆ ಯಾವತ್ತು ಹೊರಡ್ತಾಳೋ ಅಂತ ಹೊಟ್ಟೇಲಿ ಕಲ್ಲು ಕೂತ ಹಾಗಿರುತ್ತೆ. ನೀನು ಇಲ್ಲದೇ ಇರೋದು ಹೇಗೋ ರೂಢಿ ಆಯ್ತು. ನೀನು ಇರೋದೇ ರೂಢಿ ತಪ್ಪಿಹೋಯ್ತು."

ಮರುದಿನ ಅಂಗಡಿಗೆ ಬಂದವಳು ಹೊಲಿದ ಸಾಲೆಲ್ಲ ಸೊಟ್ಟ. ನಾನು ಬಿಚ್ಚಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವಳೇ ಎಲ್ಲ ಹೇಳಿ, "ಇನ್ನು ನಾನು ಎಲ್ಲಿಗೂ ಹೋಗಲ್ಲ ಅಕ್ಕ" ಎಂದಳು. ವ್ಯಾನನ್ನು ಅಂಗಡಿಯ ಹಿತ್ತಲಿಗೆ ತಂದು ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಳು. ಕೀಲಿಯನ್ನು ಯಜಮಾನರ ಡ್ರಾಯರಿಗೆ ಹಾಕಿಸಿದಳು.

ಅವಳು ಮಾತಿಗೆ ತಪ್ಪಲಿಲ್ಲ. ಮಳೆಗಾಲ ಹೋಗಿ ಮತ್ತೆ ಮಳೆಗಾಲ ಬಂದರೂ ಊರ ಗಡಿ ದಾಟಲಿಲ್ಲ. ಬೆಳಿಗ್ಗೆ ಅಂಗಡಿ, ಸಂಜೆ ಮನೆ. ದಾರಿಯಲ್ಲಿ ತರಕಾರಿ. ಗಂಡ ಮೊದಮೊದಲು ಹಿಗ್ಗಿದರು, ಬೇಗ ಮನೆಗೆ ಬರತೊಡಗಿದರು. ಆದರೆ ಮಂಚ ಕಿಟಕಿಯ ಬಳಿ ಇದ್ದದ್ದು ಅಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಅವಳು ಯಾವುದಕ್ಕೂ ಮುಖ ಸಿಂಡರಿಸುತ್ತಿರಲಿಲ್ಲ. ಎಲ್ಲಕ್ಕೂ ಹೂಂ. ಭಾನುವಾರ ಹೊರಗೆ ಹೋಗೋಣವೇ ಎಂದು ಅವರೇ ಕೇಳಿದರೆ, "ಬೇಡ ಬಿಡಿ, ನಿಮಗೆ ಕಷ್ಟ ಆಗುತ್ತೆ" ಎನ್ನುತ್ತಿದ್ದಳು. ಅಂಗಡಿಯಲ್ಲಿ ಮಾತ್ರ ನನಗೆ ಕಾಣುತ್ತಿತ್ತು, ದೂರದ ಊರಿನ ಧೂಳು ಹೊತ್ತು ಬಂದ ಗಾಡಿಯ ಸೀಟು ಬಿಚ್ಚುವಾಗ ಅವಳು ಆ ಧೂಳನ್ನು ಬೇಗ ಒರೆಸುತ್ತಿರಲಿಲ್ಲ.

ಒಂದು ಸಂಜೆ ಗಂಡ ಅವಳನ್ನು ಕೂರಿಸಿಕೊಂಡು ಹೇಳಿದರು. ಹಳೇ ಸ್ನೇಹಿತನೊಬ್ಬ ಬೇರೆ ಊರಿನಲ್ಲಿ ಲ್ಯಾಬು ತೆರೆದಿದ್ದಾನೆ, ಕರೆಯುತ್ತಿದ್ದಾನೆ, ತಾನು ಹೋಗುತ್ತೇನೆ ಎಂದು.

"ನೀವು? ನೀವು ಊರು ಬಿಟ್ಟು ಹೋಗ್ತೀರಾ?" ಅವಳಿಗೆ ನಗು ಬಂತು. ಅವರು ನಗಲಿಲ್ಲ.

"ನಾನೇನು ತಪ್ಪು ಮಾಡ್ದೆ? ಒಂದು ದಿನವಾದ್ರೂ ಗೊಣಗಿದ್ನಾ?" ಎಂದಳು.

"ಗೊಣಗಿದ್ರೆ ಚೆನ್ನಾಗಿರ್ತಿತ್ತು ಕಣೇ. ನನಗೋಸ್ಕರ ಸೆರೆಯಾಗಿ ಕೂತಿದ್ದೀಯ. ಕಾವಲುಗಾರನ ಕೆಲಸ ನನ್ನ ಕೈಲಾಗಲ್ಲ. ಅದೂ ಅಲ್ದೆ, ನೀನು ಎಲ್ಲೂ ಹೋಗಲ್ಲ ಅಂತ ಗೊತ್ತಿದ್ರೂ ಗೇಟು ಸದ್ದಾದ್ರೆ ನನ್ನೆದೆ ಹೊಡ್ಕೊಳುತ್ತೆ. ಕಾದು ಕಾದು ನನಗೆ ಸಾಕಾಗಿದೆ."

"ಹಾಗಾದ್ರೆ ನಾನೂ ಬರ್ತೀನಿ."

ಅವರು ಬೇಡವೆಂಬಂತೆ ತಲೆಯಾಡಿಸಿದರು. ಕೋಪವಿರಲಿಲ್ಲ. "ಅದನ್ನೇ ನನಗೆ ತಡ್ಕೊಳೋಕಾಗಲಿಲ್ಲ ಅಕ್ಕ" ಎಂದು ಅವಳು ಆಮೇಲೆ ಹೇಳಿದಳು. "ಕೋಪ ಇದ್ದಿದ್ರೆ ಇಳಿಯುತ್ತೆ ಅಂತ ಕಾಯಬಹುದಿತ್ತು."

ಅತ್ತೆ ಮಗನ ಜೊತೆ ಹೊರಡಲಿಲ್ಲ. "ಈ ಮನೇಲಿ ನನ್ನ ಹಾಸಿಗೆ ಎಲ್ಲಿದೆ ಅಂತ ಈಗಷ್ಟೇ ಗೊತ್ತಾಗಿದೆ, ನಾನೆಲ್ಲಿಗೂ ಬರಲ್ಲ" ಎಂದು ಮಗನ ಬಾಯಿ ಮುಚ್ಚಿಸಿದರು. ಆಮೇಲೆ ಅಡುಗೆಮನೆಯಲ್ಲಿ ಸೊಸೆಯ ಪಕ್ಕ ನಿಂತು ತಗ್ಗಿದ ದನಿಯಲ್ಲಿ, "ಅವನು ನನ್ನ ಮಗ, ಸರಿ. ಆದ್ರೆ ಒಬ್ಬರು ಹೋದ ಮೇಲೆ ಮನೇಲಿರೋದು ಹೇಗೆ ಅಂತ ನಿನಗೆ ಗೊತ್ತಿಲ್ವಲ್ಲೇ. ಯಾವಾಗ್ಲೂ ಹೋದವಳು ನೀನು" ಎಂದರು.

ವ್ಯಾನಿನ ಟಾರ್ಪಾಲು ಬಿಚ್ಚಲು ನಾನೇ ಕೈ ಹಚ್ಚಿದೆ. ಗಂಡನನ್ನು ಕೂರಿಸಿಕೊಂಡು, ಅವರ ಎರಡು ಪೆಟ್ಟಿಗೆಗಳನ್ನು ಹೇರಿಕೊಂಡು ಅವಳೇ ಓಡಿಸಿದಳು. ಅವರಿಬ್ಬರು ಜೊತೆಯಾಗಿ ಹೋದ ಅತಿ ಉದ್ದದ ದಾರಿ ಅದೇ. ಗುಡ್ಡದ ತಿರುವಿನಲ್ಲಿ ಅವರಿಗೆ ಎಂದಿನಂತೆ ವಾಂತಿಯಾಯಿತು. ಅವಳು ಬೆನ್ನು ಸವರಿದಳು. ಬಾಯಿ ತೊಳೆದುಕೊಂಡ ಮೇಲೆ ಅವರು, "ಇವತ್ತು ನೀನು ಹಾಡ್ಲಿಲ್ಲ" ಎಂದರು. ಅವಳು ಒಂದು ಸಾಲು ಶುರುಮಾಡಿ, ಅಷ್ಟಕ್ಕೇ ಬಿಟ್ಟು ಗಾಡಿ ಚಾಲೂ ಮಾಡಿದಳು.

ಅವರ ಹೊಸ ಕೋಣೆ ಲ್ಯಾಬಿನ ಮಹಡಿಯಲ್ಲಿತ್ತು. ಅವಳು ಕಸ ಹೊಡೆದು, ಹಾಸಿಗೆ ಹಾಸಿ, ಬಕೀಟು ಚೊಂಬು ತಂದಿಟ್ಟು, ಅಂಗಿಗೆಂದು ಗೋಡೆಗೆರಡು ಮೊಳೆ ಹೊಡೆದಳು. ಇನ್ನು ಮಾಡಲು ಏನೂ ಉಳಿಯಲಿಲ್ಲ. "ನಿಧಾನ ಓಡಿಸು" ಎಂದು ಅವರು ರಸ್ತೆಯವರೆಗೆ ಬಂದು ನಿಂತರು.

"ಗಾಡಿ ಕನ್ನಡೀಲಿ ನೋಡಿದೆ ಅಕ್ಕ" ಎಂದಳು ಅವಳು ನನ್ನ ಮುಂದೆ. "ಕೈ ಬೀಸ್ತಿರ್ಲಿಲ್ಲ, ಸುಮ್ನೆ ನಿಂತಿದ್ರು. ನಾನು ಹೊರಟಾಗಲೆಲ್ಲ ಹೀಗೇ ನಿಲ್ತಿದ್ರೇನೋ. ಒಂದು ಸಲಾನೂ ನಾನು ಕನ್ನಡಿ ನೋಡಿರ್ಲಿಲ್ಲ." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಜಮಾನರು ಒಳಗೆ ಬಂದವರು ಏನೋ ಮರೆತವರಂತೆ ಹೊರಗೆ ಹೋದರು.

ಕೆಲವು ತಿಂಗಳಾದ ಮೇಲೆ ಅತ್ತೆಯೇ ಒತ್ತಾಯ ಮಾಡಿ, "ಒಂದು ಸುತ್ತು ಹೋಗಿ ಬಾರೇ, ಮಂಕಾಗಿ ಕೂತಿರೋದನ್ನ ನೋಡೋಕಾಗಲ್ಲ" ಎಂದು ಅವಳನ್ನು ಕಳಿಸಿದರು. ಮೊದಲ ಸಂಜೆ ಒಂದು ಊರು ತಲುಪಿ, ಲಾಡ್ಜಿನಲ್ಲಿ ಕೋಣೆ ಹಿಡಿದು, ಅವಳು ಫೋನು ಕೈಗೆ ತೆಗೆದುಕೊಂಡಳು. ಎಲ್ಲಿಗೆ ಹೋದರೂ ಮುಟ್ಟಿದ ಕೂಡಲೇ ಗಂಡನಿಗೆ ಫೋನು ಮಾಡಿ "ತಲುಪ್ದೆ" ಎನ್ನುವುದು ಅವಳ ಅಭ್ಯಾಸ, "ಸರಿ, ಊಟ ಮಾಡು" ಎನ್ನುವುದು ಅವರದು. ಈ ಸಲ ಗಂಡನ ಬದಲು ಮನೆಗೆ ಫೋನು ಮಾಡಿದಳು.

"ತಲುಪ್ದೆ ಅತ್ತೆ."

"ಎಲ್ಲಿಗೆ?"

ಅವಳಿಗೆ ಊರಿನ ಹೆಸರು ಗೊತ್ತಿತ್ತು. ಆದರೆ ಊಟ ಮಾಡು ಎನ್ನುವವರು ಆ ಕಡೆ ಇರಲಿಲ್ಲ, ಹೆಸರು ಹೇಳದೆ ಫೋನಿಟ್ಟಳು. ಮರುದಿನವೇ ಹಿಂದಿರುಗಿದಳು. ಆಮೇಲೆ ಯಜಮಾನರ ಮೂಲಕ ವ್ಯಾನು ಮಾರಿದಳು.

ಗಂಡ ವಾರಕ್ಕೊಮ್ಮೆ ತಾಯಿಗೆ ಫೋನು ಮಾಡುತ್ತಾರೆ. "ಅವಳು ಹೇಗಿದ್ದಾಳೆ?" ಎಂದು ಕೇಳುತ್ತಾರೆ. "ಇಲ್ಲೇ ಇದ್ದಾಳೆ, ನೀನೇ ಕೇಳು" ಎಂದು ಅತ್ತೆ ಫೋನನ್ನು ಚಾಚುತ್ತಾರೆ. ಇಬ್ಬರೂ ಆರೋಗ್ಯ ವಿಚಾರಿಸಿಕೊಳ್ಳುತ್ತಾರೆ. ಅಲ್ಲಿ ನೀರು ಹೇಗೆ, ಇಲ್ಲಿ ಸೆಕೆ ಎಷ್ಟು, ಅಷ್ಟೇ. ಬಾ ಎಂದು ಅವರು ಹೇಳಿಲ್ಲ, ಬರಲಾ ಎಂದು ಇವಳು ಕೇಳಿಲ್ಲ.

ಮೊನ್ನೆ ಒಂದು ಸಂಸಾರ ದೂರದ ಪ್ರವಾಸ ಹೊರಡುವ ಮುಂಚೆ ಕಾರಿನ ಸೀಟು ಹೊಲಿಸಿಕೊಳ್ಳಲು ಬಂದಿತ್ತು. ಯಾವ ಕಡೆಯಿಂದ ಹೋದರೆ ಒಳ್ಳೆಯದು ಎಂದು ಗಂಡ ಹೆಂಡತಿ ಜಗಳವಾಡುತ್ತಿದ್ದರು. ಸವಾರಿ ಮೆಷಿನ್ ನಿಲ್ಲಿಸಿ, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಸೇತುವೆ ದಾಟಿದ ಮೇಲೆ ನೆರಳು ಸಿಗುತ್ತದೆ ಎಂದೆಲ್ಲ ಹೇಳಿದಳು.

"ಹಾಗಾದ್ರೆ ನೀವು ಆ ಕಡೆ ಹೋಗಿದ್ದೀರಾ?" ಎಂದು ಆ ಹೆಂಗಸು ಕೇಳಿದಳು.

"ಇಲ್ಲಮ್ಮ. ಯಾರೋ ಹೇಳಿದ್ದು ಕೇಳಿದ್ದೀನಿ ಅಷ್ಟೆ."

ನಾನು ಕತ್ತರಿಸಿಟ್ಟಿದ್ದ ಮುಂದಿನ ತುಂಡನ್ನು ಅವಳ ಕೈಗೆ ಕೊಟ್ಟೆ.