ಬರಿಗೈ ಮೇಲೆ ನಿಂತದ್ದು

ಬಳೆ ಒಡೆದದ್ದು ನನಗೆ ಗೊತ್ತೇ ಆಗಲಿಲ್ಲ. ಕೆಳಗೆ ಹಾಸಿದ್ದ ಚಾದರ ಕೆಂಪಾದಾಗ ಗೊತ್ತಾಯಿತು.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನಮ್ಮದು ಟವೆಲ್, ಚಾದರದ ವ್ಯಾಪಾರ. ನಾನಾಗ ಕಾಲೇಜು. ಮನೆ ಹಿಂದಿನ ಗೋದಾಮಿನಲ್ಲಿ ಒಂದೇ ಕೈ ಮೇಲೆ ಹ್ಯಾಂಡ್‌ಸ್ಟ್ಯಾಂಡ್ ಮಾಡುವ ಹುಚ್ಚು ಹತ್ತಿತ್ತು.

ಕಲಿಸಿದ್ದು ನಮ್ಮ ಕಾಲೇಜಿನ ವ್ಯಾಯಾಮದ ಬಾಯಿ; ನಮ್ಮ ಕಡೆ ಮೇಡಂಗೆ ಬಾಯಿ ಅನ್ನುತ್ತಾರೆ. "ಮೊದ್ಲ ಬೀಳೂದು ಕಲಿ, ನಿಲ್ಲೂದು ಆಮ್ಯಾಲೆ" ಅನ್ನೋರು. ಸೊಂಟ ಹಿಡಿಯಲು ಪಕ್ಕದಲ್ಲಿ ಒಬ್ಬರು ಬೇಕು, ಕೈಯಲ್ಲಿ ಬಳೆ, ಉಂಗುರ ಏನೂ ಇರಬಾರದು... ಇವು ಅವರ ಕಟ್ಟಪ್ಪಣೆ.

ಆದರೆ ಮನೆಯಲ್ಲಿ ಅತ್ತಿ ಇದ್ದಳಲ್ಲ. ಅಪ್ಪನ ಅಕ್ಕ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಅಡುಗೆಮನೆ ಸೇರಿದವಳು.

ನಾನು ಬಳೆ ತೆಗೆದಿಟ್ಟದ್ದನ್ನು ನೋಡಿ ಅತ್ತೇಬಿಟ್ಟಳು. "ಲಗ್ನಾಗೂ ಹುಡುಗಿ ಬರಿಗೈಲೆ ಇರಬಾರ್ದವ್ವಾ. ಬರಿಗೈ ಅಂದ್ರ ಏನಂತ ನನ್ನ ನೋಡಿ ತಿಳಕೊ."

ಅವಳ ಕಣ್ಣೀರಿಗೆ ಕರಗಿ ಬಳೆ ಹಾಕಿಕೊಂಡೇ ಕಾಲೆತ್ತಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ತಲೆಕೆಳಗಾದರೆ ಬಳೆಗಳೆಲ್ಲ ಜಾರಿ ಮಣಿಕಟ್ಟಿನಲ್ಲಿ ಕೂರುತ್ತವೆ ಅನ್ನುವುದು ತಲೆಗೇ ಹೊಳೆಯಲಿಲ್ಲ. ಭಾರವೆಲ್ಲ ಬಲಗೈಗೆ ಬಿತ್ತು. ಗಾಜು ಒಳಗೆ ಹೋಯಿತು.

ನಾಲ್ಕು ಹೊಲಿಗೆ.

ನನ್ನ ಎಡಗೈಯಲ್ಲಿ ಉಳಿದಿದ್ದ ಬಳೆಗಳನ್ನು ಅತ್ತಿ ತಾನೇ ಒಂದೊಂದಾಗಿ ತೆಗೆದಳು.

ಹೊಲಿಗೆ ಬಿಚ್ಚಿದ ವಾರವೇ ಅಕ್ಕಲಕೋಟೆಯಿಂದ ನನ್ನನ್ನು ನೋಡಲು ಬಂದರು. ದೊಡ್ಡ ಹೊಲಮನೆಯವರು. ಹುಡುಗನ ಕಾಕಾನ ಕಣ್ಣು ನೆಟ್ಟಗೆ ನನ್ನ ಕೈಗೇ ಹೋಯಿತು. "ಬಳಿ ಯಾಕಿಲ್ಲ? ಇದೇನಿದು ಗಾಯ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ಕಣ್ಣಲ್ಲೇ ಸುಮ್ಮನಿರು ಅನ್ನುತ್ತಿದ್ದರು.

"ಲಗ್ನ ಆದಮ್ಯಾಲೆ ಇವೆಲ್ಲ ನಡ್ಯಂಗಿಲ್ಲ" ಅಂದರು ಕಾಕಾ.

"ನಡೀತಾವ್ರಿ. ನಾ ನಡಸ್ತೀನಿ" ಅಂದೆ. ತಲೆ ತಗ್ಗಿಸಲಿಲ್ಲ.

ಅವರು ಅಪ್ಪನ ಕಡೆ ತಿರುಗಿದರು. "ಬರಿಗೈ ಹೆಣ್ಣು ಮನಿಗೆ ಬಂದ್ರ ಶುಭ ಅಲ್ಲ ನೋಡ್ರಿ."

ಅಡುಗೆಮನೆಯ ಪರದೆ ಸರಿಯಿತು.

ಶುಭಕಾರ್ಯದ ಮಾತು ನಡೆಯುವಾಗ ಅತ್ತಿ ಯಾವತ್ತೂ ಹೊರಗೆ ಬಂದವಳಲ್ಲ. ಅವತ್ತು ಬಂದಳು, ನಡುಮನೆಯಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು.

"ಈಗ ಎರಡೆರಡು ಸಲ ಕೇಳಿ ತಿಂದ್ರಲ್ರಿ ಶೇಂಗಾ ಹೋಳಿಗಿ... ಅವನ್ನ ಲಟ್ಟಿಸಿದ್ದು ಇವೇ ಬರಿಗೈ."

ಕಾಕಾ ಚಪ್ಪಲಿ ಹುಡುಕಿದರು. ಸಂಬಂಧ ಅಲ್ಲಿಗೇ ಮುಗಿಯಿತು. ಅಪ್ಪ ವಾರಗಟ್ಟಲೆ ನಮ್ಮಿಬ್ಬರ ಜೊತೆ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಗಾಯ ಪೂರ್ತಿ ಮಾಯುವ ತನಕ ಬಾಯಿ ಹೇಳಿದಂತೆ ಕಾದೆ.

ಆಮೇಲೊಂದು ಬೆಳಿಗ್ಗೆ, ಅದೇ ಗೋದಾಮು. ತಲೆಕೆಳಗಾಗಿದ್ದೇನೆ. ಕಾಲು ಅಗಲಿಸುತ್ತೇನೆ, ಮೆಲ್ಲಗೆ ಭಾರ ಬಲಗೈಗೆ ಬರುತ್ತದೆ, ಎಡಗೈ ನೆಲ ಬಿಡುತ್ತದೆ... ಸೊಂಟದ ಎರಡೂ ಬದಿಗೆ ಅತ್ತಿಯ ಕೈಗಳಿವೆ.

"ಬೀಳ್ತಿದ್ರ ಬೀಳು. ನಾ ಅದೀನಿ" ಅನ್ನುತ್ತಾಳೆ.

ಬರಿಗೈ ಅಪಶಕುನ ಅನ್ನುವವರು ಈಗಲೂ ಸಿಗುತ್ತಾರೆ... ನಿಮಗೆ ಸಿಕ್ಕಾಗ ನೀವು ಏನು ಉತ್ತರ ಕೊಟ್ಟಿರಿ?