ಮಂಜುಗಡ್ಡೆಯ ಕೆಳಗಿನ ಕಲ್ಲುಹೂವು

ಮಿಲ್ಪಿಟಾಸ್‌ನ ನಮ್ಮ ಆಫೀಸಿಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಕ್ಯಾರಿಬೂಗಳು ಎಲ್ಲಿವೆ ಎಂದು ನೋಡುವುದು. ಕ್ಯಾರಿಬೂ ಎಂದರೆ ಇಲ್ಲಿಂದ ಸಾವಿರಾರು ಮೈಲಿ ದೂರದ ಅಲಾಸ್ಕಾದ ಕಾಡು ಹಿಮಸಾರಂಗ. ಹಿಂಡಿನ ಕೆಲವು ಹೆಣ್ಣುಗಳ ಕೊರಳಿಗೆ ನಮ್ಮ ತಂಡ ಪಟ್ಟಿ ಕಟ್ಟಿದೆ. ಆ ಪಟ್ಟಿಯಿಂದ ಸ್ಯಾಟಲೈಟಿಗೆ, ಅಲ್ಲಿಂದ ನನ್ನ ಕಂಪ್ಯೂಟರಿಗೆ ಸುದ್ದಿ ಬರುತ್ತದೆ. ನಕಾಶೆಯ ಮೇಲೆ ಅವು ಹಸಿರು ಚುಕ್ಕಿಗಳು. ಪ್ರಾಣಿ ಬಹಳ ಹೊತ್ತು ಅಲುಗಾಡದಿದ್ದರೆ ಚುಕ್ಕಿ ಕೆಂಪಾಗುತ್ತದೆ.

ಆ ಚಳಿಗಾಲ ನಮ್ಮಲ್ಲಿ ಚಳಿಯೇ ಬೀಳಲಿಲ್ಲ. ಜನವರಿಯಲ್ಲಿ ಜನ ಪಾರ್ಕಿಂಗ್ ಲಾಟಿನಲ್ಲಿ ತೋಳಿಲ್ಲದ ಅಂಗಿ ಹಾಕಿಕೊಂಡು ಓಡಾಡುತ್ತಿದ್ದರು. ಒಂದು ಬೆಳಗ್ಗೆ ಪಟ್ಟಿಗಳು ಕಳಿಸಿದ ತಾಪಮಾನ ನೋಡಿ ಯಂತ್ರ ಕೆಟ್ಟಿದೆ ಅಂದುಕೊಂಡೆ. ಹಿಮದ ನಾಡಿನಲ್ಲಿ, ಚಳಿಗಾಲದ ನಡುವೆ, ಸೊನ್ನೆಗಿಂತ ಮೇಲೆ. ಎಲ್ಲ ಪಟ್ಟಿಗಳೂ ಹಾಗೇ ಹೇಳುತ್ತಿದ್ದವು.

ನಮ್ಮ ತಂಡದ ಪಶುವೈದ್ಯರು ವಿಜಯಪುರದ ಕಡೆಯವರು, ನನಗಿಂತ ಬಹಳ ಹಿರಿಯರು. ಕಾಫಿ ಹಿಡಿದುಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತರು.

"ಅಲ್ಲೆ ಮಳಿ ಬಿದ್ದೈತಿ," ಎಂದರು.

"ಮಳೆ ಬಂದ್ರೆ ಒಳ್ಳೇದಲ್ವಾ ಡಾಕ್ಟ್ರೇ? ಸ್ನೋ ಕರಗಿ ಮೇವು ಸಿಗತ್ತೆ."

"ಪೂರಾ ಕರಗೂದಿಲ್ಲ ತಂಗಿ. ಮಳಿ ನಿಂತ ಮ್ಯಾಲೆ ಮತ್ತ ಹೆಪ್ಪುಗಟ್ಟತೈತಿ. ಹಿಮದ ಮ್ಯಾಲೆ ಗಾಜು ಹೊಚ್ಚಿದಂಗ."

ಕಾಫಿ ಕುಡಿಯದೆ ಹಾಗೇ ಹೊರಟುಹೋದರು.

ಬಿಸಿಬೇಳೆಬಾತಿನ ಪುಡಿಗೆ ನಾವು ಹಾಕುವ ಕಲ್ಲುಹೂವಿದೆಯಲ್ಲ, ಅದರ ಬಳಗದ್ದೇ ಒಂದು ಕ್ಯಾರಿಬೂವಿನ ಚಳಿಗಾಲದ ಊಟ. ಹಿಮ ಆಳವಿದ್ದರೂ ಪ್ರಾಣಿ ವಾಸನೆ ಹಿಡಿದು, ಗೊರಸಿನಿಂದ ಕೆರೆದು ತಿನ್ನುತ್ತದೆ. ಗಡ್ಡೆಕಟ್ಟಿದ ಮಂಜನ್ನು ಮಾತ್ರ ಕೆರೆಯಲಾಗುವುದಿಲ್ಲ.

ಮುಂದಿನ ವಾರಗಳಲ್ಲಿ ಚುಕ್ಕಿಗಳ ನಡಿಗೆ ಬದಲಾಯಿತು. ನೇರ ಹೋಗುತ್ತಿದ್ದಂಥವು ಒಂದೇ ಜಾಗದಲ್ಲಿ ಸುತ್ತತೊಡಗಿದವು. ಕೆಲವು ಗಾಳಿ ಬಡಿದು ಹಿಮ ನಿಲ್ಲದ ಬೋಳುಗುಡ್ಡ ಹತ್ತಿದವು, ಇಳಿದವು, ಮತ್ತೆ ಹತ್ತಿದವು. ಆಮೇಲೆ ಒಂದು ಕೆಂಪಾಯಿತು. ತೋಳ ಹಿಡಿದಿರಬೇಕು ಎಂದುಕೊಂಡೆವು. ಇನ್ನೊಂದು ಕೆಂಪಾದಾಗಲೂ ಯಾರೋ ತೋಳ ಅಂದರು. ಆದರೆ ದನಿಯಲ್ಲಿ ನಂಬಿಕೆ ಇರಲಿಲ್ಲ. ಬೆಳಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ನಾನು ಕೆಂಪು ಚುಕ್ಕಿಗಳನ್ನು ಎಣಿಸತೊಡಗಿದೆ.

ಒಂದು ಶನಿವಾರ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಮಗಳು ಬಂದು ಕುರ್ಚಿಯ ಕೈ ಮೇಲೆ ಕೂತಳು. "ವೈ ಈಸ್ ದಟ್ ಒನ್ ರೆಡ್?"

"ಅದು ನಡೀತಾ ಇಲ್ಲ ಪುಟ್ಟಾ."

"ಈಸ್ ಇಟ್ ಟಯರ್ಡ್?"

ಒಳಗಿನಿಂದ ಗಂಡ, "ಅವಳಿಗೆ ಅದೆಲ್ಲ ತೋರಿಸ್ಬೇಡ ಕಣೇ," ಎಂದ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಹವಾಮಾನ ತಿಳಿಯಾದ ಮೇಲೆ ಡಾಕ್ಟರು ಕೆಂಪು ಚುಕ್ಕಿಗಳಿದ್ದ ಜಾಗಕ್ಕೇ ಹೋಗಿಬಂದರು. ಬಂದ ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದೆವು. ತಟ್ಟೆಯಲ್ಲಿ ಬಡಿಸಿದ್ದು ತಣ್ಣಗಾಗುತ್ತಿದ್ದರೂ ಅವರು ಕೈ ಹಾಕಲಿಲ್ಲ.

"ತೋಳ ಅಲ್ಲ," ಎಂದರು. "ಮೈಮ್ಯಾಲೆ ಹಲ್ಲಿನ ಗುರ್ತ ಇಲ್ಲ. ಮುಂಗಾಲಿನ ಚರ್ಮ ಕಿತ್ತ್ಹೋಗಿತ್ತು, ಕೆರದು ಕೆರದು. ತೊಡಿ ಎಲುಬು ಒಡದು ನೋಡ್ದೆ. ಒಳಗಿನ ನೆಣ ಬೆಣ್ಣಿ ಹಂಗ ಬೆಳ್ಳಗ ಇರ್ಬೇಕು. ಕೆಂಪಗ ಲೋಳಿ ಆಗಿತ್ತು."

"ಅಂದ್ರೆ?" ಗಂಡ ಕೇಳಿದ.

"ಉಪಾಸ. ತಮ್ಮ ಎಲುಬಿನೊಳಗಿನ ನೆಣಾನೂ ತಿಂದು ಮುಗಿಸ್ಯಾವ."

ಜೂನಿನಲ್ಲಿ, ಮರಿ ಹಾಕುವ ಕಾಲಕ್ಕೆ, ಅವರು ನನ್ನನ್ನೂ ಕರೆದುಕೊಂಡು ಹೋದರು. ಅಷ್ಟು ವರ್ಷ ಚುಕ್ಕಿಗಳನ್ನು ಕಾದವಳು ನಾನು, ಜೀವಂತ ಪ್ರಾಣಿಯನ್ನು ಕಂಡದ್ದು ಅದೇ ಮೊದಲು. ಪುಟ್ಟ ವಿಮಾನ ಬಯಲಿನ ಮೇಲೆ ತಗ್ಗಾಗಿ ಹಾರಿತು. ಹಿಂಡು ಚದುರಿ ನಿಂತಿತ್ತು. ನನಗೆ ಏನೋ ಸರಿಯಿಲ್ಲ ಅನ್ನಿಸಿತು.

"ಡಾಕ್ಟ್ರೇ, ಇವುಕ್ಕೆ ಕೊಂಬೇ ಇಲ್ವಲ್ಲ. ಹೆಣ್ಣಿಗೂ ಇರತ್ತೆ ಅಂದಿದ್ರಿ."

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಹೊಟ್ಟ್ಯಾಗ ಮರಿ ಇದ್ದದ್ದು ಈಯೂತನಾ ಕೊಂಬು ಇಟ್ಕೊಂಡಿರತೈತಿ. ಮರಿ ಇಲ್ಲದ್ದು ಮೊದಲ ಉದುರಸತೈತಿ."

ನಾನು ಮತ್ತೆ ಕೆಳಗೆ ನೋಡಿದೆ. ಕಣ್ಣು ಹಾಯುವಷ್ಟು ದೂರವೂ ಬೋಳು ತಲೆಗಳು. ಅಲ್ಲೊಂದು ಇಲ್ಲೊಂದು ಕೊಂಬು, ಒಂದರ ಹಿಂದೆ ತೊಡರುಗಾಲಿನ ಮರಿ.

ನದಿಯ ದಂಡೆಯಲ್ಲಿ ಇಳಿದು, ಗಾಳಿಗೆ ಎದುರಾಗಿ ನಡೆದು, ಒಂದು ದಿಬ್ಬದ ಮರೆಯಲ್ಲಿ ಕೂತೆವು. ಈ ಹೊತ್ತಿಗೆ ತಾಯಿ ಮರಿಗಳ ಕೂಗಿನಿಂದ ಬಯಲು ತುಂಬಿರಬೇಕಿತ್ತಂತೆ. ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹತ್ತಿರದಲ್ಲಿದ್ದ ಒಂದು ಹೆಣ್ಣು ನಮ್ಮನ್ನು ಕಂಡಿತು. ಪಕ್ಕೆಲುಬು ಎದ್ದು ಕಾಣುತ್ತಿತ್ತು, ಹಳೆಯ ಕೂದಲು ಹಿಡಿಹಿಡಿಯಾಗಿ ನೇತಾಡುತ್ತಿತ್ತು. ಓಡಿಹೋಗುತ್ತದೆ ಅಂದುಕೊಂಡೆ. ಅದು ಓಡಲಿಲ್ಲ. ಮುಂಗಾಲು ಮಡಿಸಿ ನಿಧಾನವಾಗಿ ಕೂತು, ನಮ್ಮನ್ನೇ ನೋಡುತ್ತಿತ್ತು.

"ನಮ್ಮನ್ನ ಕಂಡ್ರೆ ಭಯ ಇಲ್ವಾ?" ಪಿಸುಗುಟ್ಟಿದೆ.

"ಐತಿ. ಓಡಾಕ ಶಕ್ತಿ ಇಲ್ಲ." ಅವರು ದುರ್ಬೀನನ್ನು ಚೀಲಕ್ಕೆ ಹಾಕಿದರು. "ನಡಿ ತಂಗಿ. ಅದನ್ನ ಎಬ್ಬಿಸೂದು ಬ್ಯಾಡ."

ಬಾಗಿಕೊಂಡೇ ಹಿಂದೆ ಸರಿದೆವು.